ಊರೂರ ಕವಿಗಳೊಂದಿಗೆ ಕುಳಿತ ಮಹಾಕವಿ ಬಾಶೋ

ಯಾವ ಊರಿಗೆ ಹೋದರೂ ಕವನ ಬರೆಯುವ ನಾಲ್ಕು ಜನ ಸಿಗುತ್ತಾರೆ. ಒಬ್ಬರು ಶಾಲೆಯ ಮಾಸ್ತರರು, ಒಬ್ಬರು ಅಂಗಡಿ ನಡೆಸುವವರು, ಒಬ್ಬರು ಮನೆಗೆಲಸ ಮುಗಿಸಿ ನೋಟ್‌ಪುಸ್ತಕ ತೆರೆಯುವ ಗೃಹಿಣಿ, ಮತ್ತೊಬ್ಬ ಕಾಲೇಜು ಹುಡುಗ. ತಾವು ಬರೆದದ್ದನ್ನು ಯಾರಾದರೂ ಕೇಳಲಿ ಎಂಬ ಆಸೆ ಇವರೆಲ್ಲರಿಗೂ ಇರುತ್ತದೆ. ಇವರನ್ನು ಕೂಡಿಸಿ ಕವಿಗೋಷ್ಠಿ ನಡೆಸುವವರಿಗೆ ಇದರ ಸಂತೋಷವೂ ಗೊತ್ತು, ಕಷ್ಟವೂ ಗೊತ್ತು. ಯಾರ ಹೆಸರು ಮೊದಲು, ಯಾರ ಕವನ ಬಿಟ್ಟುಹೋಯಿತು, ಬಹುಮಾನ ಯಾರಿಗೆ ಎಂಬ ಮಾತು ಬಂದರೆ ಸಾಕು, ಒಟ್ಟಿಗೆ ಕುಳಿತವರು ಎದ್ದು ಬೇರೆ ಬೇರೆ ದಾರಿ ಹಿಡಿಯುತ್ತಾರೆ.

ಈ ಸಂತೋಷವನ್ನೂ ಈ ಕಷ್ಟವನ್ನೂ ಬಹಳ ಹತ್ತಿರದಿಂದ ಕಂಡ ಒಬ್ಬ ಮಹಾಕವಿಯ ಜೀವನವನ್ನು ಇಲ್ಲಿ ನೆನಪಿಸಿಕೊಳ್ಳೋಣ. ಅವರು ಜಪಾನ್ ದೇಶದ ಮತ್ಸುವೊ ಬಾಶೋ (1644-1694). ಪುಟ್ಟ ಹೈಕು ಕವಿತೆಗಳನ್ನು ಇಂದು ಕನ್ನಡದಲ್ಲಿಯೂ ಬರೆಯುವವರಿದ್ದಾರೆ. ಹೈಕು ಎಂದಾಕ್ಷಣ ಮೊದಲು ನೆನಪಾಗುವ ಹೆಸರು ಬಾಶೋ ಅವರದು. ಕೈಯಲ್ಲಿ ಕೋಲು, ತಲೆಯ ಮೇಲೆ ಅಗಲವಾದ ಟೊಪ್ಪಿಗೆ, ಒಂಟಿಯಾಗಿ ನಡೆಯುವ ಸನ್ಯಾಸಿಯಂತಹ ಮನುಷ್ಯ - ಅವರ ಇಂತಹ ಚಿತ್ರವನ್ನು ಅನೇಕರು ನೋಡಿರಬಹುದು. ಆದರೆ ಅವರ ಬದುಕಿನ ಬಹಳಷ್ಟು ದಿನಗಳು ಕಳೆದದ್ದು ಅಕ್ಕಿ ವ್ಯಾಪಾರಿ, ವೈದ್ಯ, ಗುಮಾಸ್ತ, ದೋಣಿ ಸಾಗಾಟದವರು ಇಂಥವರ ಮನೆಗಳಲ್ಲಿ, ಅವರ ಜೊತೆ ಕುಳಿತು ಕವಿತೆ ಕಟ್ಟುವುದರಲ್ಲಿ. ಕೊನೆಗೆ ಅವರು ಪ್ರಾಣಬಿಟ್ಟದ್ದೂ ಇಬ್ಬರು ಕವಿಗಳ ಜಗಳ ಬಿಡಿಸಲು ಹೋದ ಊರಿನಲ್ಲಿಯೇ.

ಬಾಲ್ಯ ಮತ್ತು ಮೊದಲ ಗೆಳೆತನ

ಬಾಶೋ ಹುಟ್ಟಿದ್ದು 1644ರಲ್ಲಿ, ಇಗಾ ಪ್ರಾಂತದ ಉಯೆನೊ ಎಂಬ ಪಟ್ಟಣದಲ್ಲಿ. ಕ್ಯೊಟೊ ನಗರಕ್ಕೆ ಹೆಚ್ಚು ದೂರವಲ್ಲದ, ಬೆಟ್ಟಗಳ ನಡುವಿನ ಊರು ಅದು. ತಂದೆ ಕೆಳದರ್ಜೆಯ ಸಮುರಾಯ್ ಮನೆತನದವರು. ಕತ್ತಿ ಹಿಡಿಯುವ ಕುಲವೆಂಬ ಹೆಸರಿದ್ದರೂ ಹೊಟ್ಟೆಪಾಡು ನಡೆಯುತ್ತಿದ್ದುದು ಬೇಸಾಯದಿಂದ. 1656ರಲ್ಲಿ ತಂದೆ ತೀರಿಕೊಂಡರು. ಆಗ ಹುಡುಗನಿಗೆ ಸುಮಾರು ಹನ್ನೆರಡು ವರ್ಷ.

ಮುಂದೆ ಆ ಊರಿನ ಆಡಳಿತ ಮನೆತನದ ಯುವಕ ತೋದೊ ಯೊಶಿತದ ಎಂಬವರ ಸೇವೆಗೆ ಅವರು ಸೇರಿಕೊಂಡರು. ಒಡೆಯ ಸೇವಕನಿಗಿಂತ ಎರಡೇ ವರ್ಷ ದೊಡ್ಡವನು. ಇಬ್ಬರಿಗೂ ಕವಿತೆಯ ಹುಚ್ಚು. ಕ್ಯೊಟೊದ ಕಿತಮುರ ಕಿಗಿನ್ ಎಂಬ ಗುರುಗಳಿಂದ ಇಬ್ಬರೂ ಮಾರ್ಗದರ್ಶನ ಪಡೆಯುತ್ತಿದ್ದರು. 1664ರಲ್ಲಿ ಒಂದು ಸಂಕಲನದಲ್ಲಿ ಬಾಶೋ ಅವರ ಕವಿತೆಗಳು ಮೊದಲ ಬಾರಿಗೆ ಅಚ್ಚಾದವು. ಆದರೆ 1666ರಲ್ಲಿ ಯೊಶಿತದ ಹಠಾತ್ತಾಗಿ ತೀರಿಕೊಂಡರು. ಆಗ ಅವರ ವಯಸ್ಸು 25. ಒಡೆಯ ಹೋದ, ಗೆಳೆಯನೂ ಹೋದ. ಬಾಶೋ ಆ ಮನೆಯ ಸೇವೆಯನ್ನು ಬಿಟ್ಟರು.

ಊರವರ 60 ಕವಿತೆಗಳು

ನಂತರದ ಕೆಲವು ವರ್ಷಗಳ ಕೊನೆಗೆ, 1672ರಲ್ಲಿ, ಬಾಶೋ ಒಂದು ಪುಟ್ಟ ಪುಸ್ತಕವನ್ನು ಸಿದ್ಧಪಡಿಸಿದರು. ಹೆಸರು 'ಕಾಯ್ ಓಯ್'. ಚಿಪ್ಪುಗಳನ್ನು ಜೋಡಿಸುವ ಒಂದು ಆಟದ ಹೆಸರು ಅದು. ತಮ್ಮ ಊರಿನ ಕಡೆಯ ಕವಿಗಳು ಬರೆದ 60 ಪುಟ್ಟ ಕವಿತೆಗಳನ್ನು ಅವರು ಸಂಗ್ರಹಿಸಿದರು. ಎರಡೆರಡನ್ನು ಎದುರುಬದುರು ಇಟ್ಟು 30 ಜೋಡಿ ಮಾಡಿ, ಯಾವುದು ಮೇಲು, ಏಕೆ ಮೇಲು ಎಂದು ಪ್ರತಿ ಜೋಡಿಗೂ ಟಿಪ್ಪಣಿ ಬರೆದರು. ಟಿಪ್ಪಣಿಗಳಲ್ಲಿ ಆ ಕಾಲದ ಬೀದಿ ಹಾಡುಗಳ, ಆಡುಮಾತಿನ ತಮಾಷೆ ತುಂಬಿತ್ತು. ತಮ್ಮ ಕವಿತೆಯನ್ನೂ ಸ್ಪರ್ಧೆಗೆ ಇಟ್ಟು ಅದನ್ನು ಸೋಲಿಸಿದ್ದರು. ಪುಸ್ತಕವನ್ನು ಊರಿನ ದೇವಾಲಯಕ್ಕೆ ಅರ್ಪಿಸಿ, ಅದೇ ವರ್ಷ ಎದೊ ಪಟ್ಟಣಕ್ಕೆ ಹೊರಟರು. ಇಂದಿನ ಟೋಕಿಯೊ ನಗರವೇ ಆಗಿನ ಎದೊ.

ಜಗತ್ತಿಗೆ ಹೆಸರಾದ ಈ ಕವಿಯ ಮೊದಲ ಪುಸ್ತಕ ಅವರ ಸ್ವಂತ ಕವನಸಂಕಲನವಲ್ಲ, ಊರಿನ ಹವ್ಯಾಸಿಗಳ ಕವಿತೆಗಳ ಸಂಗ್ರಹ ಎಂಬುದನ್ನು ನಾವು ಗಮನಿಸಬೇಕು. ಮುಂದೆಯೂ ಅವರ ಬಳಗದಿಂದ ಹೊರಬಂದ ಪುಸ್ತಕಗಳೆಲ್ಲ ಇದೇ ರೀತಿಯವು, ಹಲವರ ಕವಿತೆಗಳು ಕೂಡಿರುವವು.

ಕೂಡಿ ಕಟ್ಟುವ ಕವಿತೆ

ಇದು ಅರ್ಥವಾಗಬೇಕಾದರೆ ಆ ಕಾಲದ ಪದ್ಧತಿಯನ್ನು ಸ್ವಲ್ಪ ತಿಳಿಯಬೇಕು. ಬಾಶೋ ಅವರ ಕಲೆಗೆ 'ಹೈಕಾಯ್' ಎಂದು ಹೆಸರು. ಆರೇಳು ಜನ ಒಂದು ಮನೆಯಲ್ಲಿ ಸೇರುತ್ತಾರೆ. ಸಾಮಾನ್ಯವಾಗಿ ಮುಖ್ಯ ಅತಿಥಿ 5-7-5 ಅಕ್ಷರಗಳ ಲೆಕ್ಕದಲ್ಲಿ ಮೊದಲ ಪದ್ಯ ಹೇಳುತ್ತಾರೆ. ಅದರಲ್ಲಿ ಆ ದಿನದ ಋತು ಕಾಣಬೇಕು, ಮನೆಯವರಿಗೆ ಒಂದು ವಂದನೆಯೂ ಅಡಗಿರಬೇಕು. ಮನೆಯ ಯಜಮಾನ 7-7 ಅಕ್ಷರಗಳ ಎರಡನೆಯ ಪದ್ಯದಿಂದ ಉತ್ತರಿಸುತ್ತಾರೆ. ಮೂರನೆಯವರು ಮತ್ತೆ 5-7-5. ಹೀಗೆ ಸರದಿಯಂತೆ 36 ಪದ್ಯಗಳಾಗುವ ತನಕ, ಕೆಲವೊಮ್ಮೆ 100 ಆಗುವ ತನಕ ಕವಿತೆ ಬೆಳೆಯುತ್ತದೆ. ಒಬ್ಬರು ಲಿಪಿಕಾರರಾಗಿ ಬರೆದುಕೊಳ್ಳುತ್ತಾರೆ.

ನಿಯಮವೂ ಉಂಟು. ಪ್ರತಿ ಪದ್ಯ ತನ್ನ ಹಿಂದಿನದಕ್ಕೆ ಕೂಡಿಕೊಳ್ಳಬೇಕು, ಆದರೆ ಅದಕ್ಕೂ ಹಿಂದಿನದನ್ನು ಬಿಟ್ಟು ಮುಂದೆ ಸಾಗಬೇಕು. 36 ಪದ್ಯಗಳಲ್ಲಿ ಚಂದ್ರನಿಗೆ ಮೂರು ಜಾಗ, ಹೂವಿಗೆ ಎರಡು ಜಾಗ ಮೀಸಲು. ನಮ್ಮ ಕರಾವಳಿಯವರಿಗೆ ತಾಳಮದ್ದಳೆ ಗೊತ್ತಿದೆ. ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರು ಕುಳಿತು, ಎದುರಿನವರ ಮಾತಿಗೆ ತಕ್ಕಂತೆ ಅಲ್ಲಿಯೇ ಮಾತು ಹೊಸೆಯುತ್ತಾರೆ. ಎದುರಿನವರ ಮಾತನ್ನು ಕೇಳಿಸಿಕೊಳ್ಳದವನು ಅಲ್ಲಿ ಗೆಲ್ಲಲಾರ. ಹೈಕಾಯ್ ಕೂಟದಲ್ಲಿಯೂ ಹಾಗೆಯೇ. ತನ್ನ ಪದ್ಯವನ್ನು ಮನೆಯಿಂದಲೇ ಸಿದ್ಧಮಾಡಿ ತಂದವನಿಗೆ ಅಲ್ಲಿ ಕೆಲಸವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಸಓಕ ಶಿಕಿ ಎಂಬ ಕವಿ ಮೊದಲ ಪದ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ 'ಹೈಕು' ಎಂಬ ಸ್ವತಂತ್ರ ಕವಿತೆಯಾಗಿ ನಿಲ್ಲಿಸಿದರು. ಬಾಶೋ ಅವರ ಕಾಲದಲ್ಲಿ ಅದು ಮುಖ್ಯವಾಗಿ ಒಂದು ಕೂಟವನ್ನು ಆರಂಭಿಸುವ ಪದ್ಯವಾಗಿತ್ತು.

ಅಂಕ ಹಾಕುವ ವೃತ್ತಿಯನ್ನು ಬಿಟ್ಟದ್ದು

ಎದೊ ಪಟ್ಟಣದಲ್ಲಿ ಬಾಶೋ ಅವರಿಗೆ ಜೀವನ ಸುಲಭವಿರಲಿಲ್ಲ. 1677ರಿಂದ ಸುಮಾರು ನಾಲ್ಕು ವರ್ಷ ಅವರು ಪಟ್ಟಣದ ನೀರು ಸರಬರಾಜು ಕಾಲುವೆಯ ಕೆಲಸದಲ್ಲಿಯೂ ತೊಡಗಿದ್ದರು. ಅದೇ ಹೊತ್ತಿಗೆ ಕಾವ್ಯಗುರು ಎಂಬ ಹೆಸರೂ ಬಂತು, ಶಿಷ್ಯರೂ ಸೇರಿದರು.

ಕಾವ್ಯಗುರುಗಳ ಸಂಪಾದನೆ ಆಗ ಬರುತ್ತಿದ್ದುದು ಅಂಕ ಹಾಕುವುದರಿಂದ. ವ್ಯಾಪಾರಿಗಳು, ಗುಮಾಸ್ತರು ತಮ್ಮ ಪದ್ಯಗಳನ್ನು ಹಣದೊಂದಿಗೆ ಕಳುಹಿಸುತ್ತಿದ್ದರು. ಗುರು ಅವುಗಳಿಗೆ ಅಂಕ ಹಾಕಿ ಹಿಂದಿರುಗಿಸಬೇಕು. ಹೆಚ್ಚು ಅಂಕ ಬಂದವರಿಗೆ ಬಹುಮಾನ. ಬರಬರುತ್ತಾ ಇದು ಕವಿತೆಯ ಹೆಸರಿನ ಜೂಜಿನಂತಾಯಿತು. ಹಣ ಕೊಡುವವರನ್ನು ಮೆಚ್ಚಿಸದಿದ್ದರೆ ಗುರುವಿಗೆ ಗಿರಾಕಿ ಇಲ್ಲ.

1680ರಲ್ಲಿ ಬಾಶೋ ಪಟ್ಟಣದ ನಡುಭಾಗವನ್ನು ಬಿಟ್ಟು, ಸುಮಿದ ನದಿಯ ಆಚೆಗಿನ ಫುಕಗವ ಎಂಬಲ್ಲಿ ಒಂದು ಗುಡಿಸಲಿಗೆ ಹೋದರು. ಹಣಕ್ಕಾಗಿ ಅಂಕ ಹಾಕುವುದನ್ನು ಕೈಬಿಟ್ಟರು. ಇದರಿಂದ ಬರುವ ಆದಾಯ ಹೋಯಿತು. ಶಿಷ್ಯರು ಪ್ರೀತಿಯಿಂದ ಕೊಟ್ಟದ್ದರಲ್ಲಿ ಅವರ ಊಟ ನಡೆಯಬೇಕಾಯಿತು. ಗುಡಿಸಲಿನಲ್ಲಿ ಅಕ್ಕಿ ತುಂಬಿಡಲು ಒಣಗಿದ ಒಂದು ದೊಡ್ಡ ಸೋರೆಬುರುಡೆ ಇತ್ತು. ಅದು ಬರಿದಾಗದಂತೆ ಬಳಗದವರು ನೋಡಿಕೊಳ್ಳುತ್ತಿದ್ದರು. ಮೀನು ವ್ಯಾಪಾರಿಯಾಗಿದ್ದ ಸಂಪು ಎಂಬ ಶಿಷ್ಯ ಕೊನೆಯ ತನಕವೂ ಗುರುಗಳಿಗೆ ಆಸರೆಯಾಗಿದ್ದರು.

ಬಾಳೆಗಿಡದ ಗುಡಿಸಲು

1681ರಲ್ಲಿ ಒಬ್ಬ ಶಿಷ್ಯ ಗುಡಿಸಲಿನ ಅಂಗಳದಲ್ಲಿ ನೆಡಲು ಒಂದು ಬಾಳೆಗಿಡ ತಂದುಕೊಟ್ಟ. ಜಪಾನಿ ಭಾಷೆಯಲ್ಲಿ ಆ ಗಿಡದ ಹೆಸರು ಬಾಶೋ. ನಮ್ಮ ಬಾಳೆಯಂತೆ ಅದು ತಿನ್ನುವ ಹಣ್ಣು ಕೊಡುವುದಿಲ್ಲ, ಗಾಳಿಗೆ ಎಲೆ ಸೀಳಿಹೋಗುತ್ತದೆ. ಯಾವ ಉಪಯೋಗಕ್ಕೂ ಬಾರದ ಆ ಗಿಡವೇ ಕವಿಗೆ ಇಷ್ಟವಾಯಿತು. ಜನರು ಗುಡಿಸಲನ್ನು ಬಾಳೆಗಿಡದ ಗುಡಿಸಲು ಎಂದರು, ಕವಿ ಆ ಹೆಸರನ್ನೇ ತಮ್ಮದಾಗಿ ಮಾಡಿಕೊಂಡರು.

1682ರ ಚಳಿಗಾಲದಲ್ಲಿ ಎದೊ ಪಟ್ಟಣಕ್ಕೆ ದೊಡ್ಡ ಬೆಂಕಿ ಬಿತ್ತು. ಗುಡಿಸಲು ಸುಟ್ಟುಹೋಯಿತು. ಮರುವರ್ಷ ಊರಿನಲ್ಲಿ ತಾಯಿ ತೀರಿಕೊಂಡರು. ಆಗ ಗೆಳೆಯ ಸೊದೊ ಒಂದು ಮನವಿ ಬರೆದು ಬಳಗದವರ ಮುಂದಿಟ್ಟರು. ಸುಮಾರು 50 ಜನ ತಮ್ಮ ಕೈಲಾದಷ್ಟು ಕೊಟ್ಟರು. ಹನಿಗೂಡಿದರೆ ಹಳ್ಳ ಎಂಬಂತೆ ಆ ಸಣ್ಣ ಸಣ್ಣ ಮೊತ್ತಗಳಿಂದ 1683ರಲ್ಲಿ ಗುಡಿಸಲು ಮತ್ತೆ ಎದ್ದಿತು.

ಆ ಗುಡಿಸಲಿನಲ್ಲಿ 1686ರಲ್ಲಿ ಒಂದು ವಿಶೇಷ ಕೂಟ ಸೇರಿತು. ಎಲ್ಲರಿಗೂ ಒಂದೇ ವಿಷಯ - ಕಪ್ಪೆ. ಬಂದ ಪದ್ಯಗಳನ್ನು 20 ಜೋಡಿಗಳಾಗಿ ಇಟ್ಟು, ಒಂದೊಂದನ್ನೂ ಚರ್ಚಿಸಿ ಪುಸ್ತಕವಾಗಿ ಪ್ರಕಟಿಸಿದರು. ಇಂದು ಪ್ರಪಂಚದ ಎಷ್ಟೋ ಭಾಷೆಗಳಿಗೆ ಅನುವಾದವಾಗಿರುವ, ಶಾಲೆಗಳಲ್ಲಿ ಕಲಿಸುವ ಬಾಶೋ ಅವರ ಕಪ್ಪೆಯ ಕವಿತೆ ಆ ಪುಸ್ತಕದ ಮೊದಲ ಜೋಡಿಯಲ್ಲಿದೆ. ಅದರ ಪಕ್ಕದಲ್ಲಿಯೇ ಒಬ್ಬ ಶಿಷ್ಯನ ಕಪ್ಪೆಯೂ ಕುಳಿತಿದೆ.

ತಪ್ಪು ಮಾಡಿದ ಶಿಷ್ಯ

1684ರಲ್ಲಿ ಬಾಶೋ ದೀರ್ಘ ಪ್ರಯಾಣಕ್ಕೆ ಹೊರಟರು. ಊರಿಗೆ ಹೋದಾಗ ಅಣ್ಣ, ತಾಯಿಯ ನೆನಪಿಗಾಗಿ ತೆಗೆದಿಟ್ಟಿದ್ದ ಬಿಳಿಕೂದಲನ್ನು ತೋರಿಸಿದರು. ಅದೇ ಪ್ರಯಾಣದಲ್ಲಿ ನಾಗೊಯ ಪಟ್ಟಣದ ಕೆಲವು ಯುವಕರು ಅವರ ಜೊತೆ ಕುಳಿತು 36 ಪದ್ಯಗಳ ಐದು ಮಾಲೆಗಳನ್ನು ಕಟ್ಟಿದರು. ಅವರಲ್ಲಿ ಒಬ್ಬ ವೈದ್ಯ, ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ಮರದ ವ್ಯಾಪಾರಿ, ಒಬ್ಬ ಅಕ್ಕಿ ವ್ಯಾಪಾರಿ. 'ಚಳಿಗಾಲದ ದಿನಗಳು' ಎಂಬ ಆ ಪುಸ್ತಕವನ್ನು ಬಾಶೋ ಪಂಥದ ಆರಂಭವೆಂದು ಪಂಡಿತರು ಎಣಿಸುತ್ತಾರೆ.

ಆ ಅಕ್ಕಿ ವ್ಯಾಪಾರಿಯ ಹೆಸರು ತೊಕೊಕು. ಮರುವರ್ಷವೇ, ಕೈಯಲ್ಲಿ ಇಲ್ಲದ ಅಕ್ಕಿಯನ್ನು ಕಾಗದದ ಮೇಲೆ ಮಾರಿದ ತಪ್ಪಿಗೆ ಅವರು ಸಿಕ್ಕಿಬಿದ್ದು, ಸಮುದ್ರತೀರದ ದೂರದ ಹಳ್ಳಿಗೆ ಗಡೀಪಾರಾದರು. ಊರವರ ಕಣ್ಣಿನಲ್ಲಿ ಅವರು ಅಪರಾಧಿ. ಇಂಥವರ ಹೆಸರು ಹೇಳಲೂ ಜನ ಹಿಂಜರಿಯುತ್ತಾರೆ. ಬಾಶೋ ಏನು ಮಾಡಿದರು? 1687ರಲ್ಲಿ ಪ್ರಯಾಣದ ನಡುವೆ ಸುಮಾರು 100 ಕಿಲೋಮೀಟರ್ ಹಿಂದಕ್ಕೆ ಹೋಗಿ, ಕೊರೆಯುವ ಗಾಳಿಯಲ್ಲಿ ಆ ಹಳ್ಳಿಯನ್ನು ತಲುಪಿ ಶಿಷ್ಯನನ್ನು ಕಂಡರು. 1688ರ ವಸಂತದಲ್ಲಿ ಯೊಶಿನೊ ಬೆಟ್ಟದ ಹೂಗಳನ್ನು ನೋಡಲು ಅವರನ್ನು ಜೊತೆಗೆ ಕರೆದುಕೊಂಡು ಹೋದರು. ತೊಕೊಕು 1690ರಲ್ಲಿ ತೀರಿಕೊಂಡರು. ಮರುವರ್ಷ ಕನಸಿನಲ್ಲಿ ಅವರನ್ನು ಕಂಡು, ಅಳುತ್ತಾ ಎಚ್ಚರಗೊಂಡದ್ದನ್ನು ಬಾಶೋ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಉತ್ತರದ ದಾರಿಯಲ್ಲಿ

1689ರ ಮೇ 16ರಂದು ಬಾಶೋ ತಮ್ಮ ಅತ್ಯಂತ ಪ್ರಸಿದ್ಧ ಪ್ರಯಾಣಕ್ಕೆ ಹೊರಟರು. ಇದ್ದ ಗುಡಿಸಲನ್ನೂ ಮಾರಿಬಿಟ್ಟಿದ್ದರು. ಜೊತೆಗಾರ ಸೊರಾ. ಎದೊದಲ್ಲಿ ಗುಡಿಸಲಿನ ಹತ್ತಿರವೇ ಇದ್ದು, ಗುರುಗಳಿಗೆ ಸೌದೆ ನೀರಿನ ಸಹಾಯ ಮಾಡುತ್ತಿದ್ದವರು ಅವರು. ಸುಮಾರು 150 ದಿನ, 2400 ಕಿಲೋಮೀಟರ್ ಹಾದಿ, ಹೆಚ್ಚಿನದೂ ಕಾಲ್ನಡಿಗೆಯಲ್ಲಿ. ಈ ಪ್ರಯಾಣದ ಕಥನ 1702ರಲ್ಲಿ, ಕವಿ ತೀರಿಕೊಂಡ ಬಳಿಕ ಪ್ರಕಟವಾಗಿ ಜಪಾನಿನ ಅತ್ಯುತ್ತಮ ಕೃತಿಗಳಲ್ಲಿ ಒಂದಾಯಿತು.

ಆ ಪುಸ್ತಕದಲ್ಲಿ ಬೆಟ್ಟ, ನದಿ, ಹಳೆಯ ಯುದ್ಧಭೂಮಿಗಳ ವರ್ಣನೆ ಇದೆ. ಅದರ ಜೊತೆಗೆ ದಾರಿಯುದ್ದಕ್ಕೂ ಊರವರ ಮನೆಗಳೂ ಇವೆ. ಸುಕಗವ ಎಂಬ ಊರಿನಲ್ಲಿ ಅಂಚೆ-ಕುದುರೆ ಠಾಣೆಯ ಮುಖ್ಯಸ್ಥರಾಗಿದ್ದ ಹಳೆಯ ಗೆಳೆಯರ ಮನೆಯಲ್ಲಿ ಒಂದು ವಾರ ನಿಂತು ಕೂಟ ನಡೆಸಿದರು. ಒಬನಜವದಲ್ಲಿ, ಬಣ್ಣಕ್ಕೆ ಬಳಸುವ ಕುಸುಬೆ ಹೂವಿನ ವ್ಯಾಪಾರಿಯೊಬ್ಬರು ಆತಿಥ್ಯ ನೀಡಿದರು.

ಓಯಿಶಿದ ಎಂಬ ಊರು ಮೊಗಮಿ ನದಿಯ ದಡದಲ್ಲಿದೆ. ದೋಣಿಗಳಿಗೆ ಸರಕು ತುಂಬುವ ಜಾಗ. ಅಲ್ಲಿಯೂ ಕವಿತೆಯ ಆಸಕ್ತರಿದ್ದರು. ಎಂದೋ ಯಾರೋ ಬಿತ್ತಿದ ಬೀಜ ಅಲ್ಲಿ ಮೊಳೆತಿತ್ತು. ಆದರೆ ಹಳೆಯ ಕ್ರಮ ಸರಿಯೋ ಹೊಸ ಕ್ರಮ ಸರಿಯೋ ಎಂದು ತಿಳಿಸುವವರಿಲ್ಲದೆ ಅವರು ತಡಕಾಡುತ್ತಿದ್ದರು. ಬಾಶೋ ಅಲ್ಲಿ ಉಪನ್ಯಾಸ ಮಾಡಲಿಲ್ಲ. ದೋಣಿ ಸಾಗಾಟ ನಡೆಸುವ ಇಚಿಎಯ್ ಎಂಬವರ ಮನೆಯಲ್ಲಿ, ಊರಿನ ಮತ್ತೊಬ್ಬ ಆಸಕ್ತರು ಮತ್ತು ಸೊರಾ ಅವರೊಂದಿಗೆ ನಾಲ್ವರೇ ಕುಳಿತು 36 ಪದ್ಯಗಳ ಒಂದು ಮಾಲೆ ಕಟ್ಟಿ, ತಮ್ಮ ಕೈಯಾರೆ ಬರೆದು ಕೊಟ್ಟರು. ಆ ಕೈಬರಹ ಇಂದಿಗೂ ಉಳಿದಿದೆ. ಅಂದು ಮೊದಲ ಪದ್ಯದಲ್ಲಿ ಅವರು ನದಿಯ ತಂಪನ್ನು ಹೊಗಳಿದ್ದರು, ಏಕೆಂದರೆ ಅದು ಬೇಸಿಗೆಯ ದಿನ ನದಿಯಂಚಿನ ಮನೆಯವರಿಗೆ ಹೇಳಿದ ವಂದನೆ. ಮುಂದೆ ಪ್ರವಾಸಕಥನ ಬರೆಯುವಾಗ ಒಂದೇ ಪದ ಬದಲಾಯಿಸಿ, ತಂಪಿನ ಜಾಗದಲ್ಲಿ ನದಿಯ ರಭಸವನ್ನು ತಂದರು. ಲೋಕ ಓದುವ ಪದ್ಯ ಬೇರೆ, ಆ ಮನೆಯವರಿಗಾಗಿ ಕಟ್ಟಿದ ಪದ್ಯ ಬೇರೆ. ಎರಡಕ್ಕೂ ಅವರು ಒಂದೇ ಶ್ರದ್ಧೆಯಿಂದ ದುಡಿದರು.

ಕನಜವ ಪಟ್ಟಣದಲ್ಲಿ ಅವರಿಗೆ ದುಃಖದ ಸುದ್ದಿ ಕಾದಿತ್ತು. ಇಶ್ಶೊ ಎಂಬ ಚಹಾ ವ್ಯಾಪಾರಿ ಆ ಊರಿನ ಒಳ್ಳೆಯ ಕವಿ, ಬಾಶೋ ಅವರನ್ನು ಕಾಣಲು ಹಂಬಲಿಸಿದ್ದವರು. ಕವಿ ಅಲ್ಲಿಗೆ ತಲುಪುವ ಹಿಂದಿನ ಚಳಿಗಾಲದಲ್ಲಿಯೇ, 36ರ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು. ಅಣ್ಣ ಏರ್ಪಡಿಸಿದ ಸ್ಮರಣೆಯಲ್ಲಿ ಬಾಶೋ ಭಾಗವಹಿಸಿ, ಎಂದೂ ಮುಖ ನೋಡದ ಆ ಗೆಳೆಯನಿಗಾಗಿ ಗೋಳಿಟ್ಟ ಪದ್ಯವೊಂದನ್ನು ಅರ್ಪಿಸಿದರು. ಚಹಾ ವ್ಯಾಪಾರಿ ಇಶ್ಶೊನ ಹೆಸರು ಇಂದಿಗೂ ಉಳಿದಿರುವುದಕ್ಕೆ ಮುಖ್ಯ ಕಾರಣ ಆ ಪದ್ಯ.

ತಿದ್ದುವ ಕೈ

1691ರಲ್ಲಿ ಬಾಶೋ ಬಳಗದ ಶ್ರೇಷ್ಠ ಸಂಕಲನ 'ಸರುಮಿನೊ' ಹೊರಬಂತು. 'ಕೋತಿಯ ಗೊರಬು' ಎಂದು ಹೇಳಬಹುದು, ಮಳೆಗೆ ಹೊದೆಯುವ ಹುಲ್ಲಿನ ಹೊದಿಕೆಯ ಹೆಸರು ಅದು. ಸಂಪಾದಕರು ಇಬ್ಬರು ಶಿಷ್ಯರು - ಕ್ಯೊರಾಯ್ ಮತ್ತು ವೈದ್ಯ ಬೊಂಚೊ. ನೂರಕ್ಕೂ ಹೆಚ್ಚು ಜನರ ಪದ್ಯಗಳು ಅದರಲ್ಲಿವೆ. ಸಮುರಾಯ್‌ಗಳೂ ವ್ಯಾಪಾರಿಗಳೂ ಇದ್ದಾರೆ. ಬೊಂಚೊ ಅವರ ಹೆಂಡತಿ ಇದ್ದಾರೆ, ಓತ್ಸು ಪಟ್ಟಣದ ಚಿಗೆತ್ಸು ಎಂಬ ಸನ್ಯಾಸಿನಿ ಇದ್ದಾರೆ. ಅದರಲ್ಲಿ ಅತಿ ಹೆಚ್ಚು ಪದ್ಯಗಳಿರುವುದು ಗುರುಗಳದ್ದಲ್ಲ, ಬೊಂಚೊ ಅವರದು.

ಗುರುಗಳು ಕವಿತೆಗಳನ್ನು ಹೇಗೆ ತಿದ್ದುತ್ತಿದ್ದರು ಎಂಬುದನ್ನು ಕ್ಯೊರಾಯ್ ಬರೆದಿಟ್ಟಿದ್ದಾರೆ. ಒಮ್ಮೆ ಬೊಂಚೊ ಹಿಮದ ಮೇಲೆ ರಾತ್ರಿಮಳೆ ಬೀಳುವ ಒಂದು ಪದ್ಯ ಮಾಡಿದರು. ಅದರ ಮೊದಲ ಐದು ಅಕ್ಷರ ಮಾತ್ರ ಹೊಳೆಯಲಿಲ್ಲ. ಎಲ್ಲರೂ ಒಂದೊಂದು ಸೂಚಿಸಿದರು. ಕೊನೆಗೆ ಬಾಶೋ ಕ್ಯೊಟೊದ ಒಂದು ಭಾಗದ ಹೆಸರನ್ನು, ಸಾಮಾನ್ಯ ಜನರು ವಾಸಿಸುವ ಕೆಳಪೇಟೆಯ ಹೆಸರನ್ನು, ಅಲ್ಲಿ ಇಟ್ಟರು. ಬೊಂಚೊ ಪೂರ್ತಿ ಒಪ್ಪಲಿಲ್ಲ. ಇದಕ್ಕಿಂತ ಒಳ್ಳೆಯದು ಸಿಕ್ಕಿದರೆ ತಾನು ಮುಂದೆ ಕವಿತೆಯ ಮಾತೇ ಆಡುವುದಿಲ್ಲ ಎಂದು ಗುರುಗಳು ಪಟ್ಟುಹಿಡಿದರು. ಒಬ್ಬ ಶಿಷ್ಯನ ಪದ್ಯದ ಐದು ಅಕ್ಷರಕ್ಕಾಗಿ ಇಷ್ಟು ವಾದ. ಪದ್ಯ ಇಂದಿಗೂ ಬೊಂಚೊ ಅವರ ಹೆಸರಿನಲ್ಲಿಯೇ ಇದೆ.

1692ರಲ್ಲಿ ಒಬ್ಬ ಸಮುರಾಯ್ ಶಿಷ್ಯನಿಗೆ ಬರೆದ ಪತ್ರದಲ್ಲಿ ಬಾಶೋ ಕವಿತೆಯವರನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯವರು ಹಗಲಿರುಳು ಅಂಕಗಳ ಹಿಂದೆ ಓಡುವವರು. ಎರಡನೆಯವರು ಅನುಕೂಲಸ್ಥರು, ಬೇರೆ ಚಟಗಳಿಗಿಂತ ಇದು ಮೇಲೆಂದು ಆಡುವವರು. ಮೂರನೆಯವರು ಹಿರಿಯ ಕವಿಗಳ ದಾರಿಯನ್ನು ಮನಸ್ಸಿಟ್ಟು ಅರಸುವವರು, ಇವರು ಬೆರಳೆಣಿಕೆಯಷ್ಟು ಮಾತ್ರ. ತಾವು ಬಿಟ್ಟುಬಂದ ಆ ಅಂಕದ ಲೋಕದವರನ್ನೂ ಅವರು ಪೂರ್ತಿ ತಳ್ಳಿಹಾಕುವುದಿಲ್ಲ. ಅವರು ಕೊಡುವ ಹಣದಿಂದ ಅಂಕ ಹಾಕುವವರ ಹೆಂಡತಿಮಕ್ಕಳ ಹೊಟ್ಟೆ ತುಂಬುತ್ತದೆ, ಕೆಟ್ಟ ಕೆಲಸ ಮಾಡುವುದಕ್ಕಿಂತ ಅದು ಒಳ್ಳೆಯದಲ್ಲವೇ ಎಂಬುದು ಅವರ ನಿಲುವು.

ಒಸಾಕಾದ ಜಗಳ

ಕೊನೆಯ ವರ್ಷಗಳಲ್ಲಿ ಬಾಶೋ 'ಕರುಮಿ' ಎಂಬುದನ್ನು ಬೋಧಿಸುತ್ತಿದ್ದರು. ಕರುಮಿ ಎಂದರೆ ಹಗುರತನ - ಪಾಂಡಿತ್ಯದ ಭಾರ, ಜಾಣತನದ ಪ್ರದರ್ಶನ ಬಿಟ್ಟು ದಿನನಿತ್ಯದ ಬದುಕನ್ನು ಸರಳವಾಗಿ ಹೇಳುವುದು. ಎದೊದ ಪ್ರಸಿದ್ಧ ಎಚಿಗೊಯ ವ್ಯಾಪಾರಮನೆಯ ಗುಮಾಸ್ತರು ಮೂವರು ಇದನ್ನು ಹಿಡಿದು 1694ರಲ್ಲಿ 'ಇದ್ದಿಲ ಗೋಣಿ' ಎಂಬ ಹೆಸರಿನ ಸಂಕಲನ ತಂದರು. ಆದರೆ ಹಳೆಯ ಶಿಷ್ಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ನಾಗೊಯದ ಮೊದಲ ಕೂಟದಲ್ಲಿದ್ದ ವೈದ್ಯರೇ ದೂರವಾದರು.

ಅದೇ ಹೊತ್ತಿಗೆ ಒಸಾಕಾ ಪಟ್ಟಣದಿಂದ ಬೇಸರದ ಸುದ್ದಿ ಬಂತು. ಅಲ್ಲಿ ಬಾಶೋ ಅವರ ಶಿಷ್ಯರಿಬ್ಬರ ನಡುವೆ ವೈಮನಸ್ಸು ಬೆಳೆದಿತ್ತು. ಶಿದೊ ಎಂಬವರು ಮೊದಲಿನಿಂದಲೂ ಒಸಾಕಾದಲ್ಲಿ ಬಳಗ ಕಟ್ಟಿದವರು. ಶಾದೊ ಎಂಬ ವೈದ್ಯರು ಬೇರೆ ಊರಿನಿಂದ ಬಂದು ಅಲ್ಲಿ ನೆಲೆಸಿದವರು. ಇಬ್ಬರೂ ಒಂದೇ ಗುರುವಿನ ಶಿಷ್ಯರು, ಒಂದೇ ಊರು. ಯಾರ ಸುತ್ತ ಜನ ಸೇರಬೇಕು ಎಂಬುದೇ ಜಗಳ.

ಬಾಶೋ ಅವರ ಆರೋಗ್ಯ ಆಗಲೇ ಕೆಟ್ಟಿತ್ತು. ಹುಟ್ಟೂರಿನಲ್ಲಿ ವಿಶ್ರಾಂತಿಯಲ್ಲಿದ್ದವರು ಆ ವರ್ಷದ ಶರತ್ಕಾಲದಲ್ಲಿ ಬೆಟ್ಟದ ದಾರಿ ದಾಟಿ ಒಸಾಕಾಕ್ಕೆ ಬಂದರು. ಬಂದ ಮರುದಿನವೇ ಜ್ವರ, ಚಳಿ. ಆದರೂ ಶಾದೊ ಮನೆಯಲ್ಲಿಯೂ ತಂಗಿದರು, ಶಿದೊ ಮನೆಯಲ್ಲಿಯೂ ತಂಗಿದರು. ಇಬ್ಬರನ್ನೂ ಒಂದೇ ಕೂಟದಲ್ಲಿ ಕೂರಿಸಿದರು. ಒಬ್ಬರ ಪದ್ಯಕ್ಕೆ ಮತ್ತೊಬ್ಬರು ಪದ್ಯ ಜೋಡಿಸುತ್ತಾ ಕುಳಿತರೆ ಮನಸ್ಸೂ ಕೂಡೀತು ಎಂದು ಅವರು ಆಶಿಸಿರಬೇಕು.

ತಿಂಗಳ ಕೊನೆಗೆ ಸೊನೊಮೆ ಎಂಬ ಕವಯಿತ್ರಿಯ ಮನೆಯಲ್ಲಿ ಕೂಟ ಸೇರಿತು. ಮನೆಯೊಡತಿಯನ್ನು ಬಿಳಿ ಸೇವಂತಿಗೆಗೆ ಹೋಲಿಸಿ ಬಾಶೋ ವಂದಿಸಿದರು. ಮುಂದಿನ ಕೂಟಕ್ಕೆ ಹೋಗುವ ಶಕ್ತಿ ತಮಗಿಲ್ಲವೆಂದು ತಿಳಿದು, ಮೊದಲ ಪದ್ಯವನ್ನು ಮುಂಚಿತವಾಗಿಯೇ ಬರೆದು ಕಳುಹಿಸಿದರು. ಅದು ಪಕ್ಕದ ಮನೆಯಲ್ಲಿರುವ ಮನುಷ್ಯನ ಬಗ್ಗೆ ಚಿಂತಿಸುವ ಪದ್ಯ. ಆ ಕೂಟಕ್ಕೆ ಅವರು ಹೋಗಲಿಲ್ಲ.

ಕೊನೆಯ ದಿನಗಳು

ರೋಗ ಉಲ್ಬಣಿಸಿದಾಗ ಅವರನ್ನು ಒಬ್ಬ ಹೂವಿನ ವ್ಯಾಪಾರಿಯ ಮನೆಯ ಹಿಂಬದಿಯ ಬಾಡಿಗೆ ಕೋಣೆಗೆ ಸಾಗಿಸಲಾಯಿತು. ಸುದ್ದಿ ತಿಳಿದು ಸುತ್ತಲಿನ ಊರುಗಳಿಂದ ಶಿಷ್ಯರು ಬಂದರು. ಒಂದು ರಾತ್ರಿ, ಪಕ್ಕದಲ್ಲಿದ್ದ ದೊಂಶು ಎಂಬ ಶಿಷ್ಯನಿಂದ ಶಾಯಿ ಅರೆಯಿಸಿ ತಮ್ಮ ಕೊನೆಯ ಕವಿತೆ ಬರೆಸಿದರು. ಅದಾದ ಮೇಲೂ ಕವಿತೆಯ ಚಿಂತೆ ಬಿಡಲಿಲ್ಲ. ಸೊನೊಮೆ ಮನೆಯಲ್ಲಿ ಹೇಳಿದ ಪದ್ಯಕ್ಕೂ ತಾವು ಆ ಬೇಸಿಗೆಯಲ್ಲಿ ಬರೆದ ಒಂದು ಪದ್ಯಕ್ಕೂ ಹೋಲಿಕೆ ಇರುವುದು ಅವರಿಗೆ ನೆನಪಾಯಿತು. ಕ್ಯೊರಾಯ್ ಅವರನ್ನು ಕರೆದು ಬೇಸಿಗೆಯ ಪದ್ಯವನ್ನು ತಿದ್ದಿಸಿದರು, ಹಳೆಯ ಪ್ರತಿಯನ್ನು ಹರಿದುಹಾಕಲು ಹೇಳಿದರು. ಸೊನೊಮೆಗೆ ಕೊಟ್ಟ ವಂದನೆ ಹಾಗೆಯೇ ಉಳಿಯಿತು.

1694ರ ನವೆಂಬರ್ 28ರಂದು ಬಾಶೋ ನಿಧನರಾದರು. ಜಪಾನಿ ಲೆಕ್ಕದಲ್ಲಿ ಅವರಿಗೆ 51 ವರ್ಷ. ಶಿಷ್ಯರು ಪಾರ್ಥಿವ ಶರೀರವನ್ನು ದೋಣಿಯಲ್ಲಿ ಯೊದೊ ನದಿಯ ಮೇಲ್ಗಡೆಗೆ ಕೊಂಡೊಯ್ದು, ಅವರ ಇಷ್ಟದಂತೆ ಬಿವ ಸರೋವರದ ಬಳಿಯ ಗಿಚುಜಿ ಮಂದಿರದ ಆವರಣದಲ್ಲಿ ಮಣ್ಣು ಮಾಡಿದರು. ಸುಮಾರು 80 ಶಿಷ್ಯರು ಸೇರಿದ್ದರು, ಅವರಲ್ಲದೆ 300ಕ್ಕೂ ಹೆಚ್ಚು ಜನ ಬಂದಿದ್ದರು.

ಆದರೆ ಶಾದೊ ಬರಲಿಲ್ಲ. ಅದೇ ಪಟ್ಟಣದಲ್ಲಿದ್ದ ವೈದ್ಯರಾದರೂ ಅವರು ಗುರುಗಳ ಮರಣಶಯ್ಯೆಯ ಬಳಿಗೂ ಬರಲಿಲ್ಲ, ಅಂತ್ಯಕ್ರಿಯೆಗೂ ಬರಲಿಲ್ಲ. ಬಾಶೋ ಯಾವ ಕೆಲಸಕ್ಕಾಗಿ ಕೊನೆಯ ಪ್ರಯಾಣ ಮಾಡಿದರೋ ಆ ಕೆಲಸ ಕೈಗೂಡಲಿಲ್ಲ.

ನಮಗೆ ಉಳಿದದ್ದು

ಪ್ರಿಯ ಓದುಗರೇ, ಈ ಜೀವನಕಥೆಯನ್ನು ಗೆಲುವಿನ ಕಥೆಯಾಗಿ ಮುಗಿಸಲು ಸಾಧ್ಯವಿಲ್ಲ. ಇಷ್ಟು ದೊಡ್ಡ ಗುರುವಿಗೂ ಇಬ್ಬರನ್ನು ಒಂದುಮಾಡಲು ಆಗಲಿಲ್ಲ. ಅವರು ತೀರಿಕೊಂಡ ನಂತರ ಶಿಷ್ಯರು ಹಲವು ಪಂಗಡಗಳಾದರು. ಆದರೂ ಅವರು ಊರೂರಿನಲ್ಲಿ ಬಿತ್ತಿದ್ದು ಒಣಗಲಿಲ್ಲ. ಮುಂದಿನ ಶತಮಾನದಲ್ಲಿ ಬುಸೊನ್ ಎಂಬ ಕವಿ, ಚಿತ್ರಕಾರ ಅವರ ದಾರಿಗೆ ಮತ್ತೆ ಜೀವ ತುಂಬಿದರು. ಇಂದಿಗೂ ಜಪಾನಿನ ದೊಡ್ಡ ದಿನಪತ್ರಿಕೆಗಳು ಸಾಮಾನ್ಯ ಓದುಗರು ಕಳುಹಿಸುವ ಹೈಕುಗಳಿಗೆ ವಾರವಾರ ಜಾಗ ಕೊಡುತ್ತವೆ. ಮತ್ಸುಯಾಮ ನಗರದಲ್ಲಿ, ದಾರಿಹೋಕರು ತಮ್ಮ ಹೈಕು ಬರೆದು ಹಾಕಲು ಅಲ್ಲಲ್ಲಿ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಹುಟ್ಟೂರಾದ ಉಯೆನೊದಲ್ಲಿ ಪ್ರತಿ ವರ್ಷ ಅಕ್ಟೋಬರ್ 12ರಂದು ಬಾಶೋ ಹಬ್ಬ ನಡೆಯುತ್ತದೆ.

ಹವ್ಯಾಸಿ ಬರಹಗಾರರನ್ನು ಕೂಡಿಸುವ ಕೆಲಸ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ವಾರ್ಷಿಕ ಸಂಚಿಕೆಗೆ ಕವನ ಆಯುವವರು, ವೇದಿಕೆಗೆ ಹೆಸರು ಕರೆಯುವವರು, ಮಕ್ಕಳ ಬರಹ ತಿದ್ದುವವರು. ಅವರು ಬಾಶೋ ಅವರಿಂದ ಮೂರು ವಿಷಯಗಳನ್ನು ಕಲಿಯಬಹುದು. ಕವನ ಓದುವವನು ಮೊದಲು ಹಿಂದಿನವನ ಕವನವನ್ನು ಕೇಳಿಸಿಕೊಳ್ಳಲಿ. ತಿದ್ದುವವನು ಐದು ಅಕ್ಷರಕ್ಕೂ ಶ್ರಮಪಡಲಿ, ಆದರೆ ಹೆಸರು ಬರೆದವನದ್ದೇ ಇರಲಿ. ಕೂಟದಿಂದ ಎದ್ದುಹೋದವನ ಮನೆಗೆ ಯಾರಾದರೂ ಒಬ್ಬರು ಹೋಗಿ ಬರಲಿ. ಹೋದರೂ ಆತ ಬಾರದೆ ಇರಬಹುದು. ಅಂತಹ ಮನೆಯ ಬಾಗಿಲಿಗೆ, ಮೈಯಲ್ಲಿ ಜ್ವರವಿದ್ದರೂ, ಬಾಶೋ ಹೋಗಿದ್ದರು.